ವಿಮಲಾ ಕಾರು ಓಡಿಸಿದ ಭಾನುವಾರ

ಮದುವೆಯಾದ ಹೊಸದರಲ್ಲಿ ಜಯರಾಜ್ ಹೆಂಡತಿಗೆ ಇಟಲಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಕಡಲಿಗೆ ಕಾಲು ಇಳಿಬಿಟ್ಟು ಕುಳಿತ ಬಣ್ಣಬಣ್ಣದ ಮನೆಗಳ ಊರನ್ನು ವಿಮಲಾ ಯಾವುದೋ ಕ್ಯಾಲೆಂಡರಿನಲ್ಲಿ ನೋಡಿ ಆಸೆಪಟ್ಟಿದ್ದಳು. ಆದರೆ ಮೆನ್ಲೋ ಪಾರ್ಕಿನಲ್ಲಿ ಅವನು ಕೆಲಸಕ್ಕಿದ್ದ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ರಿಲೀಸು ಮುಗಿಯುವಷ್ಟರಲ್ಲಿ ಇನ್ನೊಂದು ತಲೆಯ ಮೇಲೆ ಕೂರುತ್ತಿತ್ತು. ತೊಂಬತ್ತೊಂಬತ್ತರ ಬೇಸಿಗೆಯಲ್ಲಂತೂ ಇಸವಿ ಬದಲಾದರೆ ಕಂಪ್ಯೂಟರುಗಳಿಗೆ ಏನಾಗುತ್ತದೋ ಎಂಬ ಗಾಬರಿಯಲ್ಲಿ ಯಾರಿಗೂ ರಜೆಯಿಲ್ಲ. ಕೊನೆಗೆ ಆಫೀಸಿನ ಗೆಳೆಯ ಸಂದೇಶನೇ ದಾರಿ ತೋರಿಸಿದ.

"ಇಟಲಿಗೆ ಯಾಕೆ ಗುರೂ ಅಷ್ಟು ದೂರ? ಹೈವೇ ಸೆವೆಂಟೀನಲ್ಲಿ ಗುಡ್ಡ ದಾಟಿದ್ರೆ ಸಮುದ್ರದ ದಡದಲ್ಲೇ ಕ್ಯಾಪಿಟೋಲ. ಥೇಟ್ ಅದೇ ಥರ ಊರು. ಬೆಳಿಗ್ಗೆ ಹೋಗಿ ಸಂಜೆಗೆ ಬಂದ್ಬಿಡಬಹುದು."

ಹಾಗಾಗಿ ಒಂದು ಭಾನುವಾರ ಗಂಡಹೆಂಡಿರಿಬ್ಬರೂ ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟಿನಿಂದ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟರು. ಕಾರು ಜಯರಾಜನೇ ಓಡಿಸಿದ. ವಿಮಲಾಳಿಗೆ ಹಿಂದಿನ ತಿಂಗಳಷ್ಟೇ ಲೈಸೆನ್ಸು ಸಿಕ್ಕಿತ್ತು. ಆದರೆ ಅವಳ ಡ್ರೈವಿಂಗು ಗ್ರೋಸರಿ ಅಂಗಡಿಯವರೆಗೆ ಮಾತ್ರ. ಆಗಲೂ ಪಕ್ಕದಲ್ಲಿ ಕೂತ ಜಯರಾಜ್ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿ ಒತ್ತಿ ಮ್ಯಾಟು ಸವೆಸಿದ್ದ. ಫ್ರೀವೇ ಎಂದರೆ, "ಇನ್ನೂ ಸ್ವಲ್ಪ ದಿನ ಹೋಗ್ಲಿ ಕಣೆ" ಎನ್ನುತ್ತಿದ್ದ.

ಸಂದೇಶ ಹೇಳಿದ್ದು ಸುಳ್ಳಾಗಿರಲಿಲ್ಲ. ಮರಳಿನಂಚಿಗೇ ಗುಲಾಬಿ, ಹಳದಿ, ನೀಲಿ ಮನೆಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು. ವಿಮಲಾ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದೇಬಿಟ್ಟಳು. ಕಾಪುವಿನ ಕಡಲ ದಡದಲ್ಲಿ ಬೆಳೆದವಳು ಅವಳು. ಬಸವನಗುಡಿಯಲ್ಲಿ ಬೆಳೆದ ಜಯರಾಜನಿಗೆ ನೀರೆಂದರೆ ನಲ್ಲಿಯದೇ. ಅವನು ಅವಳ ಫೋಟೋ ತೆಗೆಯಲು ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿಯುತ್ತ, ಮನೆಗಳ ಸಾಲೂ ಅವಳೂ ಒಟ್ಟಿಗೆ ಬರಲೆಂದು ಮೊಣಕಾಲು ನೀರಿನಲ್ಲಿ ನಿಂತ.

"ಕಡಲಿಗೆ ಬೆನ್ನು ಹಾಕ್ಬೇಡಿ ಮಾರಾಯ್ರೆ!" ಅವಳು ಕೂಗಿದಳು.

"ಒಂದೇ ನಿಮಿಷ, ಸ್ವಲ್ಪ ನಗು..."

ಅವಳು ನಗುವ ಮೊದಲೇ ಅಲೆ ಬಂತು. ಜಯರಾಜ್ ಮಗುಚಿ ಬಿದ್ದ. ಎರಡು ಉರುಳು ಉರುಳಿ, ಬಾಯಿತುಂಬ ಉಪ್ಪುನೀರು ಕುಡಿದು ಎದ್ದ. ಕ್ಯಾಮೆರಾ ಕೊರಳಲ್ಲೇ ಇತ್ತು, ಕನ್ನಡಕ ಇರಲಿಲ್ಲ. ಇಬ್ಬರೂ ಮರಳು ಬಗೆದು ಬಗೆದು ಹುಡುಕಿದರು. ಅಲೆಗಳು ಬಂದು ಅವರು ತೋಡಿದ್ದನ್ನೆಲ್ಲ ಮುಚ್ಚಿಹೋದವು. ಮೈನಸ್ ಎಂಟು ಪವರಿನ ಕನ್ನಡಕ ಅದು. ಹಳೆಯದೊಂದಿತ್ತು, ಆದರೆ ಮನೆಯಲ್ಲಿ. ಊರಿನ ಕನ್ನಡಕದಂಗಡಿಗೆ ಭಾನುವಾರ ರಜೆ.

ಜಯರಾಜನಿಗೆ ಅಳುವೊಂದು ಬಾಕಿ. "ಈಗ ಹೇಗೆ ಹೋಗೋದು? ಸಂದೇಶಂಗೆ ಫೋನ್ ಮಾಡ್ತೀನಿ. ಬಸ್ಸಲ್ಲಿ ಬಂದು ನಮ್ಮ ಕಾರು ಓಡಿಸ್ಲಿ."

"ಮೊದಲು ಊಟ ಮಾಡುವ. ಹಸಿದ ಹೊಟ್ಟೆಗೆ ಎಲ್ಲಾ ದೊಡ್ಡದಾಗಿ ಕಾಣ್ತದೆ," ಎಂದಳು ವಿಮಲಾ.

ಚಿತ್ರಾನ್ನ ತಿಂದ ಮೇಲೂ ಅವಳ ಕಣ್ಣು ಮೀನಿನಂಗಡಿಯ ಮೇಲೇ ಇತ್ತು. ಕಾಗದದ ತಟ್ಟೆಯಲ್ಲಿ ಹುರಿದ ಮೀನು ತಂದಳು. "ನಮ್ಮೂರಿನ ನಂಗು ಮೀನಿನ ಹಾಗೇ ಚಪ್ಪಟೆ ಉಂಟು ನೋಡಿ," ಎಂದವಳು ಅವನು ನೋಡಲಾರನೆಂಬುದು ನೆನಪಾಗಿ ನಕ್ಕುಬಿಟ್ಟಳು. ಬೆರಳಿನಿಂದ ಮುಳ್ಳು ಬಿಡಿಸಿ ಬಿಡಿಸಿ ಅವನ ಅಂಗೈಯಲ್ಲಿಟ್ಟಳು. ಅವನಿಗೆ ದಡದ ಮನೆಗಳು ಮಳೆಯಲ್ಲಿ ನೆನೆದ ರಂಗೋಲಿಯ ಹಾಗೆ ಕಾಣುತ್ತಿದ್ದವು.

"ಒಂದು ಅನುಕೂಲ ಆಯ್ತು," ಎಂದ. "ನನ್ನ ಕಣ್ಣಿಗೆ ಈಗ ಇದು ಇಟಲೀನೇ."

"ಹಾಗಾದ್ರೆ ಮಾತು ಉಳಿಸಿಕೊಂಡ ಹಾಗಾಯ್ತು. ಏಳಿ, ಬೆಳಕಿರುವಾಗ ಹೊರಡುವ." ಅವಳು ಕೈಚಾಚಿದಳು. "ಕೀ ಕೊಡಿ."

"ಸೆವೆಂಟೀನಾ? ನೀನಾ? ಆ ತಿರುವುಗಳು ನೋಡಿದೀಯಲ್ಲ?"

"ನೀವು ನೋಡಿ ಓಡಿಸ್ತೀರಾ ಹಾಗಾದ್ರೆ?"

ಜಯರಾಜ್ ಒದ್ದೆ ಜೇಬು ತಡಕಿ ಕೀ ಕೊಟ್ಟ.

ಗುಡ್ಡ ಹತ್ತತೊಡಗಿದ ಮೇಲೆ ಜಯರಾಜ್ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕುಳಿತ. ಎದುರಿಗೆ ಹಸಿರು, ಬೂದು, ಮತ್ತೆ ಹಸಿರು, ಅಷ್ಟೇ. ಕಾರು ವಾಲಿದಾಗೆಲ್ಲ ಅವನ ಕಾಲು ತಾನಾಗಿ ಮ್ಯಾಟನ್ನು ಒತ್ತುತ್ತಿತ್ತು.

"ಸ್ಲೋ, ಸ್ಲೋ... ಬಲಗಡೆ ಇರು."

"ನಿಮಗೆ ಬಲ ಯಾವುದು, ಎಡ ಯಾವುದು ಕಾಣ್ತದಾ?"

"ಇಲ್ಲ."

"ಮತ್ತೆ ಸುಮ್ಮನೆ ಕೂತ್ಕೊಳ್ಳಿ ನೋಡುವ."

ಹಿಂದಿನಿಂದ ಲಾರಿಯೊಂದು ಹಾರ್ನು ಬಾರಿಸಿತು. ಜಯರಾಜನ ಜೀವ ಬಾಯಿಗೆ ಬಂತು. ವಿಮಲಾ ಮಾತ್ರ ತನ್ನ ತುಳುವಿನಲ್ಲಿ, "ಪೋಲ ಮಾರಾಯ, ಪೋಲ," ಎಂದು ಮನೆಗೆ ಬಂದ ನೆಂಟನನ್ನು ಬೀಳ್ಕೊಡುವವಳ ಹಾಗೆ ಆ ಲಾರಿಗೆ ದಾರಿ ಬಿಟ್ಟಳು. ಲಾರಿ ಗುಡುಗುತ್ತ ಮುಂದೆ ಹೋಯಿತು. ಅವನಿಗೆ ಗಾಬರಿಯ ನಡುವೆಯೂ ನಗು ಬಂತು.

ಆಮೇಲೆ ಅವನು ಅಪ್ಪಣೆ ಮಾಡುವುದನ್ನು ಬಿಟ್ಟ. "ಈಗ ಏನು ಕಾಣ್ತಿದೆ?" ಎಂದು ಕೇಳಿದ.

"ಉದ್ದುದ್ದ ಮರ. ಮಂಜು ಇಳೀತಾ ಉಂಟು. ಮುಂದಿನ ಕಾರಿನ ಹಿಂದಿನ ಸೀಟಲ್ಲಿ ಒಂದು ನಾಯಿ, ನನ್ನನ್ನೇ ನೋಡ್ತದೆ."

"ಹೇಗಿದೆ ನಾಯಿ?"

"ನಿಮ್ಮ ಮ್ಯಾನೇಜರಿನ ಹಾಗೆ. ದವಡೆ ಜೋತು ಬಿದ್ದಿದೆ."

ಗುಡ್ಡ ಇಳಿದು ಫ್ರೀವೇ ಸೇರಿದರೂ ಅವಳು ಹೇಳುತ್ತಲೇ ಇದ್ದಳು. ಹುಲ್ಲು ಒಣಗಿ ಚಿನ್ನದ ಬಣ್ಣ ತಿರುಗಿದ ದಿಣ್ಣೆಗಳು, ಒಂಟಿ ಕುದುರೆ, ದೂರದಲ್ಲಿ ಮಿನುಗುವ ಕೆರೆ. ದಿನವೂ ಆ ದಾರಿಯಲ್ಲೇ ಆಫೀಸಿಗೆ ಓಡಾಡುವವನು ಆ ಕುದುರೆಯನ್ನು ಒಮ್ಮೆಯೂ ಕಂಡಿರಲಿಲ್ಲ. ಅವಳ ದನಿ ಎಷ್ಟು ಹಾಯಾಗಿತ್ತೆಂದರೆ, ಇವಳು ಹುಟ್ಟಿದ್ದೇ ಸ್ಟಿಯರಿಂಗು ಹಿಡಿದುಕೊಂಡು ಅನ್ನಿಸಿ ಅವನು ಹಿಡಿಯಿಂದ ಕೈ ತೆಗೆದ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಜಯರಾಜ್ ತಡಕಾಡಿ ಹಳೆಯ ಕನ್ನಡಕ ಹುಡುಕಿ ಹಾಕಿಕೊಂಡ. ವಿಮಲಾ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಿದ್ದಳು. ಅವಳ ಕುರ್ತಾ ಬೆವರಿಗೆ ಒದ್ದೆಯಾಗಿ ಬೆನ್ನಿಗಂಟಿತ್ತು. ಮಡಿಲಲ್ಲಿದ್ದ ಅಂಗೈಗಳಲ್ಲಿ ಸ್ಟಿಯರಿಂಗಿನ ಕೆಂಪು ಬರೆ.

ಅವನು ಎದುರಿಗೆ ನೆಲದ ಮೇಲೇ ಕುಳಿತ. "ಹೆದರಿಕೆ ಆಗಿತ್ತಾ?"

"ಮತ್ತೆ? ಜೀವವೇ ಹೋಗಿತ್ತು ಮಾರಾಯ್ರೆ."

"ನಾಯಿ, ಕುದುರೆ ಅಂತೆಲ್ಲ ಹೇಳ್ತಿದ್ಯಲ್ಲ!"

"ನಾನೂ ಸುಮ್ಮನಾದ್ರೆ ನೀವು ಇನ್ನೂ ಹೆದರ್ತಿದ್ರಿ. ನಿಮ್ಮನ್ನೂ ಸುಧಾರಿಸ್ಬೇಕಲ್ಲ."

ಜಯರಾಜ್ ಅವಳ ಕೈಗಳೆರಡನ್ನೂ ತನ್ನ ಕೈಗಳ ನಡುವೆ ಇಟ್ಟುಕೊಂಡು, ಆ ಕೆಂಪು ಬರೆಗಳನ್ನು ಹೆಬ್ಬೆರಳಿನಿಂದ ನೇವರಿಸಿದ. ಆಮೇಲೆ ಎದ್ದು ಅನ್ನಕ್ಕಿಟ್ಟ.