ಎರಡು ಸಲ ಓದಿದ ಹೆಸರು

“ಎಷ್ಟು ಸಲ ಬರೀತೀಯ?” ಎಂದು ಫ್ರೋಸೊ ಕೇಳಿದಳು.

ಅರ್ಗಿರೊ ತಟ್ಟೆಯಿಂದ ತಲೆ ಎತ್ತಲಿಲ್ಲ. ಗೋಧಿಯಲ್ಲಿದ್ದ ಕಲ್ಲುಗಳನ್ನು ಆರಿಸಿ ಒಲೆಯ ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಡುತ್ತಿದ್ದಳು. ಗೋಧಿ ಇದ್ದದ್ದೇ ಮೂರು ಹಿಡಿ. ನಾಳೆ ಸತ್ತವರ ಶನಿವಾರ. ಪ್ರತಿ ಮನೆಯವರೂ ಗೋಧಿ ಬೇಯಿಸಿ, ತಮ್ಮ ಮನೆಯ ಸತ್ತವರ ಹೆಸರುಗಳ ಚೀಟಿಯೊಡನೆ ಇಗರ್ಜಿಗೆ ಒಯ್ಯಬೇಕು. ಪಾದ್ರಿ ಒಂದೊಂದೇ ಹೆಸರು ಓದುತ್ತಾರೆ. ಹೆಸರು ಕರೆಸಿಕೊಳ್ಳದವರು ವರ್ಷವಿಡೀ ಬಾಗಿಲಾಚೆ ನಿಂತಿರುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು.

“ಒಂದೇ ಸಲ,” ಎಂದಳು ಅರ್ಗಿರೊ. “ತಾತನದು.”

“ಮತ್ತೆ ನಮ್ಮಣ್ಣ ಜಿಸಿಸ್?”

“ತಾತನ ಹೆಸರೂ ಜಿಸಿಸ್ಸೇ ತಾನೆ? ಹಿರೀಮಗನಿಗೆ ತಾತನ ಹೆಸರು ಇಡೋದು ಯಾಕೆ ಅಂದ್ಕೊಂಡೆ? ಇಬ್ರೂ ಹಂಚ್ಕೊಳ್ಳಲಿ.”

“ತಾತ ಹಂಚ್ಕೊಳ್ಳೋ ಜನಾನಾ? ಒಂದು ಒಣದ್ರಾಕ್ಷಿ ಕೇಳಿದ್ರೆ ಮೂರು ದಿನ ಮುಖ ಊದಿಸ್ಕೋತಿದ್ದ.”

ಮೊದಲಾಗಿದ್ದರೆ ಇಬ್ಬರೂ ನಗುತ್ತಿದ್ದರು.

ಹನ್ನೊಂದು ದಿನಗಳ ಹಿಂದೆ ಜರ್ಮನರು, ಬೆಟ್ಟದಲ್ಲಿ ಅಡಗಿ ತಮ್ಮ ವಿರುದ್ಧ ಹೋರಾಡುತ್ತಿದ್ದ ಮೂವರ ಹೆಣಗಳನ್ನು ಲಾರಿಯಲ್ಲಿ ತಂದು ಚೌಕದ ಚಿನಾರ್ ಮರದ ಕೆಳಗೆ ಸಾಲಾಗಿ ಮಲಗಿಸಿದ್ದರು. ಊರಿನವರೆಲ್ಲ ಒಬ್ಬರ ಹಿಂದೊಬ್ಬರು ಹಾದುಹೋಗಬೇಕಿತ್ತು. ಪಟ್ಟಣದಿಂದ ಬಂದಿದ್ದ ದುಭಾಷಿ ಪ್ರತಿಯೊಬ್ಬರನ್ನೂ ಕೇಳಿದ: ಇವರು ಯಾರ ಮನೆಯವರು? ಯಾರದೆಂದು ತಿಳಿದರೆ ಆ ಮನೆಗೆ ಬೆಂಕಿ, ಮನೆಯವರು ಲಾರಿಗೆ. ನಡುವೆ ಮಲಗಿದ್ದವನಿಗೆ ಒಂದು ಬೂಟು ಇರಲಿಲ್ಲ. ಬೂದು ಉಣ್ಣೆಯ ಕಾಲುಚೀಲ; ಬೂದು ಮುಗಿದುಹೋಗಿತ್ತೆಂದು ಹಿಮ್ಮಡಿಗೆ ಕಂದು ನೂಲು ಹಾಕಿ ಹೆಣೆದವಳು ಅರ್ಗಿರೊ. ಹಿಮ್ಮಡಿಯಲ್ಲಿ ಎರಡು ಹೆಣಿಗೆ ಬಿಟ್ಟುಹೋಗಿರುವುದನ್ನು ಅವಳು ಗಮನಿಸಿದಳು. “ನಮ್ಮೂರವರಲ್ಲ,” ಎಂದಳು. ಹಿಂದೆ ಬಂದ ಫ್ರೋಸೊ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು. ಮನೆಗೆ ಬಂದು ಇಬ್ಬರೂ ಕಾಳಿನ ಸಾರು ಕುಡಿದರು. ಸಾವಾದ ಮನೆಯವರಂತೆ ಕಪ್ಪು ಬಟ್ಟೆ ಉಡಲಿಲ್ಲ, ಕನ್ನಡಿಗೆ ಬಟ್ಟೆ ಮುಚ್ಚಲಿಲ್ಲ.

ಊರಿನ ಜನನ ದಾಖಲೆಗಳು ಹಿಂದಿನ ಶರತ್ಕಾಲದಲ್ಲೇ ಸುಟ್ಟುಹೋಗಿದ್ದವು. ಜರ್ಮನರ ಕೈಗೆ ಸಿಗದಿರಲೆಂದು ಅವನ್ನು ಸುಟ್ಟವರಲ್ಲಿ ಜಿಸಿಸ್ ಕೂಡ ಇದ್ದ. “ನನ್ನ ಹೆಸರು ಉರಿಯೋದನ್ನ ನಾನೇ ನೋಡಿದೆ ಕಣೇ. ಈಗ ನಾನು ಹುಟ್ಟೇ ಇಲ್ಲ,” ಎಂದು ಅವನು ನಕ್ಕಿದ್ದ.

ಅರ್ಗಿರೊ ಕೈ ಒರೆಸಿಕೊಂಡು ಪೆನ್ಸಿಲ್ ತೆಗೆದುಕೊಂಡಳು. ಫ್ರೋಸೊ ನೀರು ತರಲು ಹೋದಳು.

ಬೆಳಿಗ್ಗೆ ಇಗರ್ಜಿಯಲ್ಲಿ ಹೆಂಗಸರೇ ತುಂಬಿದ್ದರು. ಮೇಣದಬತ್ತಿಗಳ ಕಟ್ಟೆಯ ಪಕ್ಕದಲ್ಲಿ ದುಭಾಷಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಯಾವ ಮನೆಯಲ್ಲಿ ಯಾರು ಸತ್ತಿದ್ದಾರೆಂದು ಇಂದು ಇಲ್ಲಿ ನಿಂತು ಕೇಳಿದರೆ ಸಾಕು ಎಂಬುದನ್ನು ಅವನಿಗಿಂತ ಬಲ್ಲವರು ಯಾರು? ಅವನೂ ಇದೇ ಬೇಯಿಸಿದ ಗೋಧಿ ತಿಂದು ಬೆಳೆದವನು. ಅರ್ಗಿರೊ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಉರಿಯುವ ಬತ್ತಿ ಹಿಡಿದು ಫ್ರೋಸೊಳ ಪಕ್ಕ ನಿಂತಳು.

ಪಾದ್ರಿ ಯಾವ ಮನೆಯದೆಂದು ಹೇಳಿ ಚೀಟಿಗಳನ್ನು ಒಂದೊಂದಾಗಿ ಓದಿದರು. ಅವರ ಮನೆಯ ಚೀಟಿ ಬಂತು. “ಜಿಸಿಸ್. ಗರುಫಾಲಿಯ. ಥೋಮಾಸ್. ವಸಿಲಿಕಿ.” ತಾತ, ಅಜ್ಜಿ, ಅಪ್ಪ, ಅಮ್ಮ. ಪಾದ್ರಿ ಉಸಿರೆಳೆದುಕೊಂಡರು. “ಜಿಸಿಸ್.”

ಅರ್ಗಿರೊ ತಂಗಿಯ ಕಡೆ ನೋಡಿದಳು. ಫ್ರೋಸೊ ಅವಳನ್ನೇ ನೋಡುತ್ತಿದ್ದಳು.

ಪ್ರಾರ್ಥನೆ ಮುಗಿದು, ಬಾಗಿಲಲ್ಲಿ ಒಬ್ಬರಿಗೊಬ್ಬರು ಗೋಧಿ ಹಂಚುವಾಗ ದುಭಾಷಿ ಅವರ ಮುಂದೆ ಬಂದು ನಿಂತ.

“ನಿಮ್ಮ ಚೀಟೀಲಿ ಇಬ್ರು ಜಿಸಿಸ್.”

“ಒಬ್ರು ತಾತ,” ಎಂದಳು ಅರ್ಗಿರೊ.

“ಇನ್ನೊಬ್ಬ?”

“ಅಣ್ಣ. ನಾನು ಹುಟ್ಟೋಕೆ ಮುಂಚೆ ತೀರ್ಕೊಂಡ.” ದನಿ ತಾನಾಗಿಯೇ ಬರುತ್ತಿತ್ತು, ಬೇರೆ ಯಾರೋ ಮಾತಾಡುತ್ತಿರುವಂತೆ ಅವಳು ಕೇಳಿಸಿಕೊಂಡಳು.

“ಎಷ್ಟು ವಯಸ್ಸಾಗಿತ್ತು?”

ಇಪ್ಪತ್ತೆರಡು ಎಂಬ ಪದ ನಾಲಿಗೆಯ ಮೇಲೆ ಕೂತಿತ್ತು. “ಮೂರು ತಿಂಗಳು.”

ದುಭಾಷಿ ಕದಲಲಿಲ್ಲ. ಆಗ ಹಿಂದಿನಿಂದ ಪಕ್ಕದ ಮನೆಯ ಕಲ್ಯೋಪಿ ಅಜ್ಜಿ ಕೋಲೂರಿಕೊಂಡು ನುಗ್ಗಿದಳು. ಜಿಸಿಸ್ ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳೇ.

“ಆ ಮಗೂನ ಕೊನೇ ಸಲ ತೊಳೆದದ್ದು ನಾನು. ಏನಪ್ಪಾ ಕೇಳ್ಬೇಕು ನಿಂಗೆ? ಒಂದು ಹಲ್ಲೂ ಬಂದಿರ್ಲಿಲ್ಲ ಪಾಪಕ್ಕೆ. ನಿಮ್ಮ ಪಟ್ಟಣದಲ್ಲಿ ಮಕ್ಕಳು ಸಾಯಲ್ವೇನೋ. ತಿನ್ನು, ತಿಂದು ಹೇಳೋ ಮಾತು ಹೇಳು. ನಿಮ್ಮಮ್ಮ ಅಷ್ಟಾದ್ರೂ ಕಲಿಸಿರ್ಬೇಕು.”

ಸುತ್ತಲಿನ ಹೆಂಗಸರು ಅವನತ್ತ ತಿರುಗಿದ್ದರು. ದುಭಾಷಿ ಅಂಗೈ ಚಾಚಿದ. ಅರ್ಗಿರೊ ಬತ್ತಿ ಹಿಡಿದ ಕೈ ಕದಲಿಸದೆ ತಟ್ಟೆಯನ್ನು ಮುಂದಕ್ಕೆ ಬಾಗಿಸಿದಳು. ಅವನು ಗೋಧಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

“ದೇವರು ಅವನನ್ನ ಕ್ಷಮಿಸಲಿ,” ಎಂದು ಹೇಳಿ ಟೋಪಿ ಹಾಕಿಕೊಂಡು ಹೊರಟ.

ಎಲ್ಲರೂ ಹೋದ ಮೇಲೆ ಪಾದ್ರಿ ಅವರ ಚೀಟಿಯನ್ನು ಮಡಚಿ ತಂದುಕೊಟ್ಟರು. “ಒಲೆಗೆ ಹಾಕಿ,” ಎಂದಷ್ಟೇ ಹೇಳಿದರು.

ಅಕ್ಕತಂಗಿಯರು ದಾರಿಯ ತಿರುವು ದಾಟಿದರು.

“ಒಂದೇ ಸಲ ಅಂದಿದ್ದೆ ನಾನು,” ಎಂದಳು ಅರ್ಗಿರೊ. “ನಮ್ಮಿಬ್ರನ್ನೂ ಲಾರಿ ಹತ್ತಿಸ್ತಿದ್ದೆ ನೀನು.”

“ನಾನು ಚೀಟಿ ಮುಟ್ಟೇ ಇಲ್ಲ, ಅಕ್ಕ.”

ಅರ್ಗಿರೊ ನಿಂತು ಚೀಟಿ ಬಿಚ್ಚಿದಳು. ಐದೂ ಹೆಸರು ಅವಳದೇ ಅಕ್ಷರ. ಕೊನೆಯದು ಮೊದಲಿನದಕ್ಕಿಂತ ದುಂಡಗೆ, ಅವಸರವಿಲ್ಲದೆ, ಶಾಲೆಯಲ್ಲಿ ಬರೆದಂತೆ ಇತ್ತು. ಬರೆದ ನೆನಪಿಗಾಗಿ ಹುಡುಕಿದಳು. ಗೋಧಿಯ ಕಲ್ಲುಗಳು ನೆನಪಿದ್ದವು, ಏಳು ಇದ್ದವು. ಪೆನ್ಸಿಲ್ ನೆನಪಿತ್ತು. ಇದು ಇರಲಿಲ್ಲ.

“ಕೈ ಕೊಡು ಇಲ್ಲಿ,” ಎಂದಳು ಫ್ರೋಸೊ.

ಆರಿದ ಬತ್ತಿ ಇನ್ನೂ ಅರ್ಗಿರೊಳ ಕೈಯಲ್ಲೇ ಇತ್ತು. ಇಳಿದ ಮೇಣ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ದಪ್ಪಗೆ ಗಟ್ಟಿಯಾಗಿತ್ತು. ಫ್ರೋಸೊ ಉಗುರಿನಿಂದ ಅದನ್ನು ಒಂದೊಂದೇ ಚೂರಾಗಿ ಬಿಡಿಸತೊಡಗಿದಳು. ಕೆಳಗಿನ ಚರ್ಮ ಕೆಂಪಾಗಿತ್ತು.

“ಉರೀತಿಲ್ವಾ?”

“ಇಲ್ಲ.”

ಫ್ರೋಸೊ ಮೇಣದ ಚೂರುಗಳನ್ನು ತಟ್ಟೆಯ ಅಂಚಿನಲ್ಲಿ, ಉಳಿದಿದ್ದ ಗೋಧಿಯ ಪಕ್ಕ ಇಡುತ್ತಾ ಹೋದಳು. ಅರ್ಗಿರೊ ಕೈ ಚಾಚಿಕೊಂಡೇ ನಿಂತಿದ್ದಳು.