ಬಾಯಲ್ಲಿ ಇದ್ದಷ್ಟು ಹೊತ್ತು

ಮಗಳು ಮತ್ತೆ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಫೋನನ್ನು ಎಡಗಿವಿಗೆ ಒತ್ತಿಕೊಂಡು, ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ಬಾಗಿಲ ಕಡೆ ತಿರುಗಿದಳು. ಫೋನಿನ ಆ ತುದಿಯಲ್ಲಿ ಯಾರೂ ಇರಲಿಲ್ಲ. ನಡುಮನೆಯಲ್ಲಿ ಅಮ್ಮನ ಹೆಣವಿಟ್ಟುಕೊಂಡು ಇವಳು ಮಾಡುತ್ತಿರುವುದೇನೆಂದು ಬಂದವರು ಮುಖಮುಖ ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದು ಚಿಕ್ಕಪ್ಪ ಪಿಸುಗುಟ್ಟಿದ.

ತಲೆ ನೆಟ್ಟಗೇ ಇತ್ತು. ನಿನ್ನೆ ಬೆಳಿಗ್ಗೆ ಅವಳು ಹೀಗೇ ಕೂತಿದ್ದಾಗ ಅಮ್ಮ ಆ ಬಾಗಿಲಲ್ಲಿ ನಿಂತು ಏನೋ ಒಂದು ಮಾತು ಹೇಳಿದ್ದಳು. ಆಮೇಲೆ ಹೋಗಿ ಮಲಗಿದವಳು ಏಳಲಿಲ್ಲ. ಆ ಕೊನೆಯ ಮಾತು ಏನೆಂದು ಮಗಳಿಗೆ ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ಕೂತಿದ್ದ ಹಾಗೇ ಕೂತರೆ ಬಂದೀತೇನೋ ಎಂದು ಇದು ಮೂರನೆಯ ಸಲ.

*

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದಳು. ಕೇಳಿದ ನಂಬರನ್ನು ಎರಡು ಮೂರು ತುಂಡು ಮಾಡಿ, ತುಟಿಯಲ್ಲೇ ಜಪಿಸುತ್ತ ಲೈನು ಜೋಡಿಸುವಳು. ಅಲ್ಲಿ ಅವಳಿಗೆ ಗಿಣಿ ಎಂದು ಹೆಸರು. ಮನೆಯಲ್ಲಿ ಮರೆಗುಳಿ. ಒಲೆಯ ಮೇಲೆ ಹಾಲಿಟ್ಟು ಮರೆಯುವಳು, ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಜಾಲಾಡುವಳು. ಕೆಲಸದಲ್ಲೂ ಅಷ್ಟೇ, ಲೈನು ಸಿಕ್ಕಿತೆಂದರೆ ಆ ನಂಬರು ಮಾಯ. ಹತ್ತು ವರ್ಷದ ಮಗಳು ಒಮ್ಮೆ ಅದನ್ನೇ ಹಿಡಿದು ಗೇಲಿ ಮಾಡಿದಾಗ ಅಮ್ಮನಿಗೆ ಸಿಟ್ಟೇನೂ ಬರಲಿಲ್ಲ.

"ಬಾಯಲ್ಲಿ ಇದ್ದಷ್ಟು ಹೊತ್ತು ಅದು ನಂದು ಕಣೇ. ಜಪ ನಿಲ್ಲಿಸಿದ್ರೆ ಹೋಯ್ತು. ಹೋಗ್ದೇ ಇದ್ರೆ ಮುಂದಿನವರ ನಂಬರ್ ಎಲ್ಲಿ ಇಟ್ಕೊಳ್ಳಲಿ? ಇರೋದೇ ಅಂಗೈಯಷ್ಟು ಜಾಗ."

ಜಪದ ನಡುವೆ ಯಾರಾದರೂ ಮಾತಾಡಿಸಿದರೆ ಒಂದು ಬೆರಳು ಎತ್ತುವಳು. ತಡಿ ಎಂದರ್ಥ. ಮಗಳು ದರ್ಜಿಯಾದ ಮೇಲೆ, ಅಳತೆ ಕೇಳಿಸಿಕೊಳ್ಳುವಾಗ ತಾನೂ ಅದೇ ಬೆರಳು ಎತ್ತತೊಡಗಿದಳು.

*

ಎಕ್ಸ್‌ಚೇಂಜಿನಲ್ಲಿ ಅಮ್ಮನ ಪಕ್ಕದ ಸೀಟಿನಲ್ಲಿದ್ದ ಹಿರಿಯ ಗೆಳತಿ ಬಂದಳು. ಮಗಳು ಚಿಕ್ಕಂದಿನಿಂದಲೂ ಅವಳನ್ನು ದೊಡ್ಡಮ್ಮ ಎನ್ನುವುದು. ಯಂತ್ರದ ಪಕ್ಕದ ಸ್ಟೂಲಿನಲ್ಲಿ ಅವಳನ್ನು ಕೂರಿಸಿ, ಬೇರೆ ಯಾರಿಗೂ ಹೇಳದ್ದನ್ನು ಹೇಳಿದಳು.

"ಗಿರಾಕಿ ಒಬ್ರು ಫೋನಲ್ಲಿ ಅಳತೆ ಹೇಳ್ತಿದ್ರು. ಭುಜ ಹದಿನಾಲ್ಕೂವರೆ, ತೋಳು ಇಪ್ಪತ್ತೆರಡು. ಅಷ್ಟರಲ್ಲಿ ಅಮ್ಮ ಬಂದು ಹೇಳಿದ್ಳು. ಕೇಳಿಸ್ತು ದೊಡ್ಡಮ್ಮ, ಅರ್ಥಾನೂ ಆಯ್ತು. ಹಿಂದೇನೇ ಸೊಂಟದ ಅಳತೆ ಬಂತು. ಬೆರಳು ಎತ್ತಿದೆ. ಅವಳು ನಕ್ಕು ಹೊರಟುಹೋದ್ಳು. ಆ ಹಾಳು ಅಳತೆ ಈಗ್ಲೂ ಬಾಯಲ್ಲಿದೆ, ಅಮ್ಮನ ಮಾತಿಲ್ಲ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗಿತ್ತು.

ದೊಡ್ಡಮ್ಮ ಸುಳ್ಳು ಸಮಾಧಾನ ಹೇಳುವ ಪೈಕಿಯಲ್ಲ. ಆ ಮಾತು ಒಳಗೆಲ್ಲೋ ಅಡಗಿ ಕೂತಿಲ್ಲ, ಬೇರು ಬಿಡುವ ಮೊದಲೇ ಅದನ್ನು ಆ ಅಳತೆ ಹೊರಗೆ ತಳ್ಳಿಬಿಟ್ಟಿದೆ, ಹುಡುಕಿ ಫಲವಿಲ್ಲ ಎಂದಳು. ತಾವೂ ದಿನಕ್ಕೆ ನಾಲ್ಕಾರು ನಂಬರು ಕೈಬಿಡುತ್ತಿದ್ದರಂತೆ. ಮರೆತದ್ದು ತಿಳಿಯಬಾರದೆಂದು ಕೆಲವರು ಅಂದಾಜಿನ ಮೇಲೆ ಲೈನು ಕೊಟ್ಟು, ಯಾರದೋ ಸಾವಿನ ಸುದ್ದಿಯನ್ನು ಯಾರದೋ ಮನೆಗೆ ಮುಟ್ಟಿಸಿದ್ದೂ ಉಂಟಂತೆ.

"ನಿಮ್ಮಮ್ಮ ಅಂದಾಜು ಮಾಡಿದವಳಲ್ಲ. ನಾಚಿಕೆ ಬಿಟ್ಟು ತಿರುಗಿ ಕೇಳೋಳು. ಮರೆತೆ, ಇನ್ನೊಂದು ಸಲ ಹೇಳಿ ಅಂತ. ಬೈಸ್ಕೊಂಡಾದ್ರೂ ಕೇಳೋಳು."

"ನಾನು ಯಾರನ್ನ ಕೇಳ್ಲಿ?"

ದೊಡ್ಡಮ್ಮ ಅವಳ ಕೈ ಹಿಡಿದುಕೊಂಡಳು.

ಹೊತ್ತಾಯಿತೆಂದು ಚಿಕ್ಕಪ್ಪ ಅವಸರ ಮಾಡಿದ. ನಾಲ್ವರು ಚಾಪೆಯ ನಾಲ್ಕು ಮೂಲೆ ಹಿಡಿದು ಅಮ್ಮನನ್ನು ಮೊಣಕಾಲೆತ್ತರಕ್ಕೆ ಎತ್ತಿದ್ದರು. ಮಗಳು ಎದ್ದು ಬಂದವಳೇ ಅವರ ನಡುವೆ ನುಗ್ಗಿ ಮಂಡಿಯೂರಿದಳು. ಅಮ್ಮನ ಕಿವಿಗೆ ಬಾಯಿ ತಾಗಿಸಿದಳು.

"ಮರೆತೆ ಅಮ್ಮಾ. ಇನ್ನೊಂದು ಸಲ ಹೇಳು."

ಹೇಳಿ, ತಲೆ ಹೊರಳಿಸಿ, ತನ್ನ ಕಿವಿಯನ್ನು ಅಮ್ಮನ ತುಟಿಯ ಹತ್ತಿರ ಹಿಡಿದಳು. ನಾಲ್ವರೂ ಬಗ್ಗಿದಲ್ಲೇ ನಿಂತರು. ಇಳಿಸಲೂ ಇಲ್ಲ, ಮೇಲೆತ್ತಲೂ ಇಲ್ಲ. ಭಾರಕ್ಕೆ ತೋಳುಗಳು ನಡುಗುತ್ತಿದ್ದರೂ, ಅವಳು ಕೇಳಿಸಿಕೊಂಡು ಮುಗಿಸುವ ತನಕ ಹಾಗೇ ಹಿಡಿದುಕೊಂಡಿದ್ದರು.