ಹಾರ್ಲನ್‌ನ ಬೆಂಡುಗಳು

ಹಾರ್ಲನ್ ಥರ್ಲೋ ನೆಲದ ಮೇಲೂ ದೋಣಿಯಲ್ಲಿರುವವನಂತೆಯೇ ನಡೆಯುತ್ತಿದ್ದ: ಕಾಲುಗಳನ್ನು ಅಗಲಿಸಿ, ಮೊಣಕಾಲು ತುಸು ಬಾಗಿಸಿ, ಮೇನ್ ರಾಜ್ಯದ ನಮ್ಮ ಪುಟ್ಟ ದ್ವೀಪದ ಡಾಂಬರು ರಸ್ತೆ ಯಾವ ಗಳಿಗೆಯಲ್ಲಾದರೂ ಅಲೆಯಾಗಿ ಎದ್ದೀತೆಂಬ ಗುಮಾನಿಯಲ್ಲಿ. ಮೈಮೇಲೆ ಸದಾ ಒಂದೇ ಹಸಿರು ಉಣ್ಣೆಯ ಕೋಟು. ಮೊಣಕೈಗಳಲ್ಲಿ ಬಲೆಯ ದಾರದಿಂದ ತಾನೇ ಹೊಲಿದ ತೇಪೆ. ಹಗ್ಗ ಹಿಡಿಯಲು ಯಾರಾದರೂ ಕೈ ಚಾಚಿದರೆ "ದೇವ್ರು ನಂಗೂ ಎರಡು ಕೈ ಕೊಟ್ಟಿದಾನೆ" ಎಂದು ಮುಖ ತಿರುಗಿಸುವುದು ಅವನ ಹುಟ್ಟುಗುಣ. ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯಲು ಕಡಲ ತಳಕ್ಕಿಳಿಸುವ ಅವನ ಮುನ್ನೂರು ಬೋನುಗಳನ್ನು ಐವತ್ತು ವರ್ಷದಲ್ಲಿ ಬೇರೊಬ್ಬರು ಮುಟ್ಟಿದ್ದಿಲ್ಲ.

ಅಂಥವನಿಗೆ ಅರವತ್ತೆಂಟರಲ್ಲಿ ಗಂಟಲ ಕ್ಯಾನ್ಸರ್ ಬಂತು. ಮೂವತ್ತೈದು ದಿನ ರೇಡಿಯೇಷನ್. ಹಡಗಿನಲ್ಲಿ ಆಚೆ ದಡ ಸೇರಿ ಅಲ್ಲಿಂದ ಆಸ್ಪತ್ರೆಗೆ ಕಾರು ಓಡಿಸುವ ಕೆಲಸ, ಶಾಲೆಯಿಂದ ನಿವೃತ್ತನಾಗಿದ್ದ ನನ್ನದು. ನೋವೆಂದು ನುಂಗುವುದನ್ನು ಬಿಟ್ಟರೆ ಗಂಟಲು ಆ ವಿದ್ಯೆಯನ್ನೇ ಮರೆತೀತು, ಆಹಾರಕ್ಕೆಂದು ಹೊಟ್ಟೆಗೆ ಹಾಕಿದ ಕೊಳವೆ ಶಾಶ್ವತವಾದೀತು, ದೋಣಿಯ ಆಸೆ ಬಿಡಬೇಕಾದೀತು ಎಂದು ಡಾಕ್ಟರ್ ಎಚ್ಚರಿಸಿದ್ದರು. ಅಂದಿನಿಂದ ಊರಿಗೆ ಮರಳುವ ಹಡಗಿನಲ್ಲಿ, ದಾರಿ ತೋರಲು ನೀರಲ್ಲಿ ನಿಲ್ಲಿಸಿದ ಒಂದೊಂದು ಕೆಂಪು ಗುರುತು ಬಂದಾಗಲೂ ಹಾರ್ಲನ್ ಒಂದು ಚಮಚ ನೀರು ನುಂಗುತ್ತಿದ್ದ. ಒಟ್ಟು ಏಳು ಗುರುತು, ಏಳು ಚಮಚ. ಕೆಂಡ ನುಂಗಿದವನಂತೆ ಕಂಬಿಯನ್ನು ಅವುಚಿ ಹಿಡಿಯುತ್ತಿದ್ದ, ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು, ಮುಂದಿನ ಗುರುತಿಗೆ ಮತ್ತೆ ಚಮಚ ಎತ್ತುತ್ತಿದ್ದ. ಯುದ್ಧ ಕಂಡು ಬಂದವರು ನನಗೆ ಗೊತ್ತು. ಆದರೂ ಅಂಥ ಧೈರ್ಯವನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ ಮಾತ್ರ.

ಕೊನೆಯ ದಿನ ನರ್ಸ್ ನಗುತ್ತಾ ಗೋಡೆಯ ಗಂಟೆ ತೋರಿಸಿದಳು. ಚಿಕಿತ್ಸೆ ಮುಗಿಸಿದವರೆಲ್ಲ ಅದನ್ನು ಬಾರಿಸುವುದು ಅಲ್ಲಿನ ರೂಢಿ. ಹಾರ್ಲನ್ ಪಿಸುದನಿಯಲ್ಲಿ ಹೇಳಿದ: "ನಮ್ ಕಡೆ ಗಂಟೆ ಕಟ್ಟೋದು ದೋಣಿ ಒಡೆಯೋ ಬಂಡೆ ಹತ್ರ, ತಾಯಿ. ಸದ್ದು ಕೇಳಿದ್ರೆ ದೂರ ಹೋಗ್ಬೇಕು." ಹೇಳಿದಂತೆಯೇ ಹೊರಟುಬಿಟ್ಟ.

ಕಾಯಿಲೆ ಬಿದ್ದವನ ಬೋನುಗಳನ್ನು ಉಳಿದವರು ಎತ್ತಿ, ಸಿಕ್ಕಿದ್ದನ್ನೆಲ್ಲ ಅವನ ಮನೆಗೇ ಮುಟ್ಟಿಸುವುದು ನಮ್ಮ ದ್ವೀಪದ ಪದ್ಧತಿ. "ನನ್ನ ಬೋನು ಮುಟ್ಟಬೇಡಿ" ಎಂದು ಹಾರ್ಲನ್ ಚೀಟಿ ಬರೆದು ಕಳಿಸಿದ್ದ. ಅವನ ತಂಗಿ ಲೀಟಾ, ಅವಳೂ ದೋಣಿಯವಳೇ, ಅದನ್ನು ಜೇಬಿಗಿಳಿಸಿ "ಅಣ್ಣನ ಅಕ್ಷರ ಯಾವತ್ತು ಯಾರಿಗೆ ಅರ್ಥ ಆಗಿದೆ!" ಎಂದು ದೋಣಿ ಹೊರಡಿಸಿದಳು. ಚಳಿಗಾಲಕ್ಕೆ ಬೋನುಗಳು ದಡ ಸೇರಿದವು. ಅವುಗಳ ಹಗ್ಗದ ತುದಿಯಲ್ಲಿ ತೇಲುವ ಬೆಂಡುಗಳ ಹಳೆಯ ಬಣ್ಣ ಕೆರೆದು ಹೊಸತು ಬಳಿಯುವ ಭಾರವನ್ನು ನಾನು ಹೊತ್ತೆ. ಯಾವ ಬೋನು ಯಾರದೆಂದು ತಿಳಿಯಲು ಒಬ್ಬೊಬ್ಬರ ಬೆಂಡಿಗೂ ಒಂದೊಂದು ಬಣ್ಣದ ಗುರುತು. ಹಾರ್ಲನ್‌ನದು ನನಗೆ ಗೊತ್ತಿತ್ತು: ಮೇಲೆ ಬಿಳಿ, ಕೆಳಗೆ ಕೆಂಪು. ಮುನ್ನೂರನ್ನೂ ಅವುಗಳ ಹಗ್ಗದಿಂದಲೇ ತೊಲೆಗೆ ನೇತುಹಾಕಿ ಅಚ್ಚುಕಟ್ಟಾಗಿ ಬಳಿದೆ.

ವಸಂತದಲ್ಲಿ ಕೊಳವೆ ಹೊರಬಂತು. ಮೂಳೆಗಳಿಗೆ ಕೋಟು ತೊಡಿಸಿದಂತಿದ್ದ ಹಾರ್ಲನ್, ಲೀಟಾಳನ್ನೂ ನನ್ನನ್ನೂ ಕೂರಿಸಿಕೊಂಡು ದೋಣಿ ನಡೆಸಿ, ಮೊದಲ ಬೋನನ್ನು ತಾನೇ ನೀರಿಗೆ ತಳ್ಳಿದ. ಬೆಂಡು ತೇಲಿತು: ಕೆಂಪು ಮೇಲೆ, ಬಿಳಿ ಕೆಳಗೆ. ತೊಲೆಯಲ್ಲಿ ಹಗ್ಗ ಮೇಲಿತ್ತು, ನೀರಿನಲ್ಲಿ ಅದು ಕೆಳಗಿರುತ್ತದೆ ಎಂಬುದು ನನ್ನ ಮೇಷ್ಟ್ರು ಬುದ್ಧಿಗೆ ಹೊಳೆದೇ ಇರಲಿಲ್ಲ.

"ಅಯ್ಯೋ ಮೇಷ್ಟ್ರೇ! ಮುನ್ನೂರೂ ತಲೆಕೆಳಗಾ?" ಎಂದಳು ಲೀಟಾ.

ನಾನು ಬೈಗುಳಕ್ಕೆ ಕಾದೆ. ಹಾರ್ಲನ್ ಬಣ್ಣದ ಡಬ್ಬಿ ಕೇಳಿದ. ದೋಣಿಯ ಮಾಡಿನ ಮೇಲೆ, ಇದು ಇಂಥವನ ದೋಣಿ ಎಂದು ಸಾರುವ ಒಂದು ಬೆಂಡು ಇರುತ್ತದೆ, ಅಲ್ಲಿಗೆ ಹತ್ತಬೇಕು. ಅಂಚಿಗೆ ಒಂದು ಕಾಲಿಟ್ಟ, ಮೈ ಮೇಲೇಳಲಿಲ್ಲ. ನಿಂತ, ನಮ್ಮತ್ತ ತಿರುಗಿದ, ಕೈ ಚಾಚಿದ. "ಹಿಡ್ಕೊಳ್ಳೇ."

ಲೀಟಾ ಹಿಡಿದಳು. ಅವಳ ಕಣ್ಣು ತುಂಬಿತ್ತು. ಹಾರ್ಲನ್ ಮಾಡಿನ ಬೆಂಡಿಗೆ ಮೇಲೆ ಕೆಂಪು, ಕೆಳಗೆ ಬಿಳಿ ಬಳಿದ. "ಮುನ್ನೂರಕ್ಕಿಂತ ಒಂದನ್ನ ತಿದ್ದೋದು ಸುಲಭ, ಮೇಷ್ಟ್ರೇ," ಎಂದ. ಆ ವಾರವೇ ಬೋನು ಹಾಕುವ ಸರ್ಕಾರಿ ಪರವಾನಗಿಯಲ್ಲೂ ಗುರುತು ಬದಲಿಸಿಕೊಂಡ.

ಹಠಮಾರಿಗಳನ್ನು ನಾವು ಕಲ್ಲಿಗೆ ಹೋಲಿಸಿ ಸುಮ್ಮನಾಗುತ್ತೇವೆ. ಕೆಂಡದಂಥ ನೀರನ್ನು ದಿನಕ್ಕೆ ಏಳು ಚಮಚ ನುಂಗಿ ಬದುಕಿಗೆ ಮರಳಿದ ಇಂಥವರನ್ನು ಕಂಡ ಮೇಲೆ ನನಗನ್ನಿಸುವುದಿಷ್ಟು: ನೆರೆಯವರ ಪ್ರೀತಿಯನ್ನು, ಅದರ ತಪ್ಪುಗಳ ಸಮೇತ, ಒಳಗೆ ಬಿಟ್ಟುಕೊಳ್ಳುವುದಕ್ಕೂ ಅಷ್ಟೇ ಗಟ್ಟಿಯಾದ ಗಂಟಲು ಬೇಕು.